ಸೀರಿಯಲ್‌ನಲ್ಲಿ ಸಾಯದ ಅಣ್ಣ

೨೦೦೦ ಜನವರಿ ೧೬, ಭಾನುವಾರ

ಬೆಳಿಗ್ಗೆಯಿಂದ ಪಾರ್ಲರ್‌ನಲ್ಲಿ ಬರೀ ಪರ್ಮ್, ಕೂದಲು ಗುಂಗುರು ಮಾಡುವ ಕೆಲಸ. ಕೈಗೆಲ್ಲ ಔಷಧಿ ವಾಸನೆ. ಮೀನಿನ ಹೋಟೆಲಿನ ಬಾಂಗ್ ಅಕ್ಕ ತಲೆ ತುಂಬ ರೋಲರ್ ಸುತ್ತಿಸಿಕೊಂಡು ಕೂತು ಜಗಳ ತೆಗೆದಳು. ವಾರದ ಕೊನೆಗೆ ಬರುವ ಹೊಸ ಸೀರಿಯಲ್ ನಮ್ಮ ಮಾಸಾನ್ ಊರಿನದೇ ಕಥೆಯಂತೆ. ಅದನ್ನು ನೋಡದವಳು ಈ ಊರಿನವಳೇ ಅಲ್ಲವಂತೆ. ಅರವತ್ತನೇ ಇಸವಿ, ಕಳ್ಳ ಓಟು, ಮೆರವಣಿಗೆ, ಪೊಲೀಸರ ಗುಂಡು... ಕಣ್ಣಾರೆ ನೋಡಿದ್ದು ಸಾಲದೆ ಟಿವಿಯಲ್ಲಿ ಬೇರೆ ನೋಡಬೇಕೇ ಎಂದೆ.

ಆದರೂ ಸಂಜೆ ಹಾಕಿದೆ. ಅಮ್ಮ ಬೆಚ್ಚಗಿನ ಮೂಲೆಯಲ್ಲಿ ಹೊದ್ದುಕೊಂಡು ಕೂತಿದ್ದಳು. ಹೀರೊ ಇನ್‌ಹೊ ಎಂಬ ಹೈಸ್ಕೂಲ್ ಹುಡುಗ. ಹಣೆಯ ಮೇಲೆ ಜೊಂಪೆ ಜೊಂಪೆ ಕೂದಲು. ಆಗಿನ ಹೈಸ್ಕೂಲ್ ಹುಡುಗರೆಲ್ಲ ತಲೆ ನುಣ್ಣಗೆ ಬೋಳಿಸಬೇಕಿತ್ತು. ಅಣ್ಣನ ತಲೆ ಸವರಿದರೆ ಅಂಗೈಗೆ ಚುಚ್ಚುತ್ತಿತ್ತು. ಇವನದು ಈ ವರ್ಷದ ಕಟ್, ಹಿಂದೆ ಲೇಯರ್ ಬೇರೆ. ಆ ನಟನನ್ನು ಜಾಹೀರಾತಿಗೆ ಹಾಕಿಕೊಂಡ ಕಂಪನಿಯವರು ಬೋಳಿಸಲು ಬಿಟ್ಟಿರಲಿಕ್ಕಿಲ್ಲ. ಬೀದಿಯಂತೂ ನೆಕ್ಕಿಟ್ಟ ಹಾಗೆ ಚೊಕ್ಕಟ. ಮೀನಿನ ಬಂದರಿನ ಬೀದಿ, ಒಂದು ನೊಣವೂ ಇಲ್ಲ.

ನಗುತ್ತಾ ಇದ್ದೆ. ಅಷ್ಟರಲ್ಲಿ ಆ ಹುಡುಗ ಮನೆಗೆ ಬಂದ. ಟೋಪಿ ತೆಗೆದು ಅಂಗಳದ ಕಿಮ್ಚಿ ಉಪ್ಪಿನಕಾಯಿ ಜಾಡಿಯ ಮೇಲೆ ಕವುಚಿದ. "ಅಮ್ಮಾ, ತಳದನ್ನ ಇದೆಯಾ?" ಎಂದ.

ಇಲ್ಲಿ ನಮ್ಮಮ್ಮ ಎದ್ದು ನಿಂತಳು.

ಅದು ದೊಕ್‌ಮಾನ್ ಅಣ್ಣನ ಮಾತು. ಜಾಡಿಯ ಮೇಲೆ ಟೋಪಿ ಕವುಚುವುದೂ ಅಣ್ಣನದೇ. ತಳ ಹಿಡಿದ ಅನ್ನ ಕೆರೆದು ಸಕ್ಕರೆ ಉದುರಿಸಿ ಕೊಟ್ಟರೆ ಹಬ್ಬ ಅವನಿಗೆ. ಹೋದ ಬೇಸಿಗೆಯಲ್ಲಿ ಸೀರಿಯಲ್ ಬರೆಯುವವರ ಕಡೆಯಿಂದ ಸೊಂಗ್ ಎಂಬ ಹುಡುಗಿ ಬಂದಿದ್ದಳು. ಅಣ್ಣನ ಹಾಗೆ ಅವತ್ತಿನ ಗುಂಡಿಗೆ ಸತ್ತವರ ಮನೆಗಳನ್ನೆಲ್ಲ ಹುಡುಕಿಕೊಂಡು ಹೋಗಿ ಕಥೆ ಕೇಳುತ್ತಿದ್ದಳು. ಅಮ್ಮ ಅವಳಿಗೆ ಕಲ್ಲಂಗಡಿ ಕೊಯ್ದುಕೊಟ್ಟು ಇದನ್ನೇ ಹೇಳಿದ್ದಳು. ನಾವೇ ಕೊಟ್ಟದ್ದು.

"ಮಾಲ್‌ಸುನ್, ಬಾಗ್ಲು ತೆಗಿಯೇ. ನಿಮ್ಮಣ್ಣ ಬಂದ" ಎಂದಳು ಅಮ್ಮ.

ಜನವರಿ ೩೦, ಭಾನುವಾರ

ಅಮ್ಮ ಚೆನ್ನಾಗಿ ಉಣ್ಣುತ್ತಿದ್ದಾಳೆ. ಮರೆವು ಶುರುವಾದ ಎರಡು ವರ್ಷದಿಂದ ಗುಬ್ಬಿಯ ಹಾಗೆ ಕುಕ್ಕುತ್ತಿದ್ದವಳು. ಕರೆಂಟ್ ಕುಕ್ಕರ್ ಬೇಡವಂತೆ, ಅದರಲ್ಲಿ ತಳ ಹಿಡಿಯುವುದಿಲ್ಲ. ಹಳೆಯ ದಪ್ಪ ಪಾತ್ರೆ ತೆಗೆಸಿದ್ದಾಳೆ. ದಿನವೂ ಅನ್ನ ಸೀದ ವಾಸನೆ. ಕೆಳಗಿನ ಅಂಗಡಿಗೂ ಬರುತ್ತದೆ. ಪರ್ಮ್ ಮಾಡಿಸಲು ಬಂದವರು ತಮ್ಮ ಕೂದಲೇ ಸುಟ್ಟಿತೆಂದು ಹೆದರುತ್ತಾರೆ.

ಮಗಳು ಮಿರಾನ್ ಕಾಲೇಜು ರಜೆಗೆ ಬಂದಿದ್ದಾಳೆ. ಊಟಕ್ಕೆ ಕೂತು, ಮಾತಿನ ಭರದಲ್ಲಿ ಚಮಚವನ್ನು ಅನ್ನದ ನಡುವೆ ನೆಟ್ಟಗೆ ಚುಚ್ಚಿಬಿಟ್ಟಳು. ಅಮ್ಮ ಪಟ್ಟನೆ ಅವಳ ಕೈ ಮೇಲೆ ಹೊಡೆದಳು.

"ಬದುಕಿರೋರ ಮನೇಲಿ ಸತ್ತೋರಿಗೆ ಇಡೋ ಹಾಗೆ ಎಡೆ ಇಡ್ತೀಯಾ? ನಿಮ್ಮ ಮಾವ ನೋಡಿದ್ರೆ ಏನಂದ್ಕೊಳ್ತಾನೆ?"

ಮಿರಾನ್ ನನ್ನ ಮುಖ ನೋಡಿದಳು. ನಾನು ಸಾರು ಕಲಕಿದೆ. ಎದುರು ಮಾತಾಡಬೇಡಿ, ಬರುವ ನೆನಪು ಬರಲಿ, ಹೋಗುವುದು ಹೋಗಲಿ ಎಂದಿದ್ದಾರೆ ಡಾಕ್ಟರ್. ಅವರಿಗೇನು, ಹೇಳಿ ಮನೆಗೆ ಹೋಗುತ್ತಾರೆ.

ಫೆಬ್ರವರಿ ೮

ಚಾಂದ್ರಮಾನ ಹೊಸ ವರ್ಷದ ಹಬ್ಬ ಮುಗಿಯಿತು. ಪೇಪರಿನಲ್ಲಿ ಬಂದಿದೆ — ಇನ್‌ಹೊ ಗುಂಡೇಟಿಗೆ ಸಾಯುತ್ತಾನಂತೆ, ಇನ್ನು ಎರಡು ವಾರದಲ್ಲಿ. ಅಂಗಡಿಯಲ್ಲೆಲ್ಲ ಸೂತಕ.

ಸೊಂಗ್‌ಗೆ ಫೋನ್ ಮಾಡಿದೆ. ಅವಳು ನಿದ್ದೆಗೆಟ್ಟ ದನಿಯಲ್ಲಿ,

"ಅಕ್ಕಾ, ನನ್ನ ಕೈಲಿ ಏನಿದೆ ಹೇಳಿ. ಶೂಟಿಂಗ್ ದಿನ ಬೆಳಿಗ್ಗೆ ಫ್ಯಾಕ್ಸಲ್ಲಿ ಕಥೆಯ ಒಂದೊಂದೇ ಹಾಳೆ ಬರುತ್ತೆ. ಮಧ್ಯಾಹ್ನ ಅವನು ಇರ್ತಾನೋ ಇಲ್ವೋ ಅಂತ ಆ ನಟನಿಗೇ ಗೊತ್ತಿರಲ್ಲ."

"ನಮ್ಮಮ್ಮ ಅವನನ್ನ ಮಗ ಅಂದ್ಕೊಂಡಿದಾಳೆ ಕಣಮ್ಮ. ಒಂದು ಸಲ ಸತ್ತಾಗ ನೋಡಿದಾಳೆ. ಇನ್ನೊಂದು ಸಲ ತೋರಿಸ್ಬೇಡಿ."

ಅವಳು ದನಿ ತಗ್ಗಿಸಿದಳು. "ಜನ ಕೇಳಿದ್ರೆ ಕಥೆ ಬರೆಯೋ ಮೇಡಂ ಬದಲಾಯಿಸ್ತಾರೆ. ಹಿಂದೆಯೂ ಬದಲಾಯಿಸಿದಾರೆ. ಚಾನೆಲ್‌ನ ಇಂಟರ್ನೆಟ್ ಬೋರ್ಡಲ್ಲಿ ಬರೆಸಿ. ಎಲ್ರೂ ಬರೀಲಿ."

ಮಿರಾನ್‌ಗೆ ಹೇಳಿ ಬರೆಸಿದೆ. ಬಾಂಗ್ ಅಕ್ಕನಿಗೂ ಹೇಳಿದೆ. ಅವಳು ತನ್ನ ಮಗನನ್ನು ಕಂಪ್ಯೂಟರ್ ಅಂಗಡಿಯಲ್ಲಿ ಕೂರಿಸಿ ಬರೆಸುತ್ತಿದ್ದಾಳೆ. ಇತಿಹಾಸ, ನ್ಯಾಯ — ಯಾರಿಗೂ ಬೇಡ. "ಆ ಗಲಾಟೆ ಬೇಗ ಮುಗಿಸಿ, ಹುಡುಗನ್ನ ಫ್ಯಾಕ್ಟರಿ ಸಾಹುಕಾರರ ಮಗಳಿಗೆ ಕೊಟ್ಟು ಮದುವೆ ಮಾಡ್ಸಿ" ಎಂದು ಬರೆಸಿದ್ದಾಳಂತೆ. ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದ ಹಾಗೆ ಎಂದುಕೊಂಡೆ. ಆದರೂ ಮಿರಾನ್‌ಗೆ ಇನ್ನೊಂದು ಸಲ ಬರಿ ಎಂದೆ.

ಫೆಬ್ರವರಿ ೨೦, ಭಾನುವಾರ

ಬದುಕಿದ.

ಗುಂಡು ಅವನ ಪಕ್ಕದಲ್ಲಿದ್ದ ಗೆಳೆಯನಿಗೆ ತಗುಲಿತು. ಇಡೀ ಸೀರಿಯಲ್‌ನಲ್ಲಿ ಎರಡು ಮಾತು ಆಡಿದ್ದ ಹುಡುಗ. ನಿಧಾನವಾಗಿ, ತುಂಬ ನಿಧಾನವಾಗಿ ಬಿದ್ದ. ಪಿಯಾನೊ ಬಾರಿಸಿದರು. ಬೀದಿಯಲ್ಲಿ ಮದುವೆ ಮನೆಯ ಹಾಗೆ ದೀಪ. ಅರವತ್ತರ ಆ ರಾತ್ರಿ ಊರಲ್ಲಿ ಕರೆಂಟ್ ಹೋಗಿತ್ತು. ಯಾರು ಓಡಿದರು, ಯಾರು ಬಿದ್ದರು, ಒಂದೂ ಕಾಣುತ್ತಿರಲಿಲ್ಲ. ಅಣ್ಣನನ್ನು ಯಾರದೋ ಮನೆಯ ಬಾಗಿಲು ಕಿತ್ತು ಅದರ ಮೇಲೆ ಹೊತ್ತು ತಂದರು. ಅಮ್ಮ ಬೆಂಕಿಕಡ್ಡಿ ಗೀರಿ ಮುಖ ನೋಡಿದಳು. ಅದನ್ನು ಸೊಂಗ್‌ಗೆ ಹೇಳಿರಲಿಲ್ಲ.

ಇನ್‌ಹೊ ರಾತ್ರಿ ರೈಲು ಹತ್ತಿ ರಾಜಧಾನಿ ಸೋಲ್‌ಗೆ ತಪ್ಪಿಸಿಕೊಂಡ. ಅಮ್ಮ ಕೈ ಜೋಡಿಸಿ ಉಜ್ಜುತ್ತ ದೇವರನ್ನು ಬೇಡುತ್ತ ಕೂತಿದ್ದಳು. "ಹೋಗಪ್ಪ, ಹೋಗು. ಎಲ್ಲಾದ್ರೂ ಇರು, ಉಸಿರಾಡ್ಕೊಂಡಿರು" ಎಂದಳು. ಆಮೇಲೆ ಮಗುವಿನ ಹಾಗೆ ನಿದ್ದೆ ಹೋದಳು. ನನಗೂ ಎದೆ ಹಗುರ. ಸುಳ್ಳು ಯಾಕೆ ಹೇಳಲಿ, ಕುಣಿಯಬೇಕು ಅನ್ನಿಸಿತು.

ಆ ಗೆಳೆಯನಿಗೂ ಒಬ್ಬ ತಾಯಿ ಇದ್ದಿರಬೇಕು. ತೋರಿಸಲಿಲ್ಲ.

ಫೆಬ್ರವರಿ ೨೭, ಭಾನುವಾರ

ಪರದೆ ಕಪ್ಪಾಯಿತು. 'ಆರು ವರ್ಷಗಳ ನಂತರ' ಎಂದು ಅಕ್ಷರ ಬಂತು. ಇನ್‌ಹೊ ಸೂಟು ಹಾಕಿಕೊಂಡು ಕಾರಿನಿಂದ ಇಳಿದ. ಕಟ್ಟಡದ ಕಂಪನಿಯ ದೊಡ್ಡ ಮನುಷ್ಯ ಈಗ. ಆ ಸರ್ಕಾರ ಬಿದ್ದದ್ದು, ಸೈನ್ಯದವರು ಬಂದದ್ದು — ಎಲ್ಲ ಆ ಕಪ್ಪು ಪರದೆಯ ಹಿಂದೆ ಆಗಿಹೋಯಿತು. ಹೇರ್‌ಕಟ್ ಮಾತ್ರ ಅದೇ.

ಅಮ್ಮ ಕೇಳಿದಳು: "ಆರು ವರ್ಷ ಅಂದ್ರಾ?"

ಮಾರ್ಚ್ ೫

ಇನ್‌ಹೊ ನಿನ್ನೆಯ ಕಂತಿನಲ್ಲೂ ಮನೆಗೆ ಬರಲಿಲ್ಲ, ಇವತ್ತೂ ಬರಲಿಲ್ಲ. ಸಾಹುಕಾರರ ಮಗಳ ಜೊತೆ ಕಾಫಿ ಕುಡಿದ, ಸ್ಕೇಟಿಂಗ್ ಆಡಿದ. ಅಮ್ಮ ಹೊದಿಕೆಯ ಅಂಚು ಹಿಂಡುತ್ತಿದ್ದಳು.

"ಇಷ್ಟು ಹತ್ರ ಇದ್ಕೊಂಡು, ಬಸ್ ಹತ್ತಿದ್ರೆ ಅರ್ಧ ದಿನ. ಒಂದು ಸಲ ಬರಬಾರದಾ ಅವನು? ನಾನೇನು ಮಾಡಿದೆ ಅಂತ?"

ಸೊಂಗ್‌ಗೆ ಫೋನ್ ಮಾಡಿದೆ. ತಾಯಿಯ ಪಾತ್ರ ಮಾಡುತ್ತಿದ್ದಾಕೆ ಬೇರೆ ಚಾನೆಲಿನ ರಾಜ-ರಾಣಿ ಸೀರಿಯಲ್‌ಗೆ ಹೋಗಿದ್ದಾಳಂತೆ. ಡೇಟ್ ಇಲ್ಲ. ಅದಕ್ಕೇ ಮಗ ಮನೆಗೆ ಹೋಗುವ ದೃಶ್ಯ ಬರೆಯಲಾಗುತ್ತಿಲ್ಲ.

ಇದಕ್ಕೇನಂತಾರೆ? ಬೇಲಿ ಮೇಲೆ ಹೋಗುವ ಓತಿಕ್ಯಾತನನ್ನು ಕರೆದು ಕಿವಿಯಲ್ಲಿ ಬಿಟ್ಟುಕೊಂಡೆ.

ಮಾರ್ಚ್ ೮

ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಬೆಳಿಗ್ಗೆ ಅಮ್ಮ ತಳದನ್ನವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಸೋಲ್ ಬಸ್ಸಿಗೆ ಹೊರಟಿದ್ದಳು. ಮೆಟ್ಟಿಲಲ್ಲಿ ಅಡ್ಡ ನಿಂತೆ.

"ಅಮ್ಮ, ಅಣ್ಣ ಸತ್ತು ನಲವತ್ತು ವರ್ಷ ಆಯ್ತು. ಅದು ಬರೀ ಟಿವಿ ಕಥೆ, ಅಮ್ಮ."

"ಒಡಹುಟ್ಟಿದವನನ್ನ ಬಾಯಲ್ಲೇ ಸಾಯಿಸ್ತೀಯಲ್ಲೇ. ಅವನು ಬಂದ್ರೆ ನಿನ್ನ ಪಾಲು ಕಡಿಮೆ ಆಗುತ್ತೆ ಅಂತಲಾ?"

ಯಾವ ಪಾಲು? ಎರಡು ಕುರ್ಚಿಯ ಪಾರ್ಲರ್ ನನ್ನದೇ ದುಡಿಮೆ. ಸಿಟ್ಟು ಬಂತು. ಅಂಗಡಿ ಮುಚ್ಚಿ, ಟ್ಯಾಕ್ಸಿ ಮಾಡಿ, ಗುಡ್ಡದ ಮೇಲಿನ ಅಣ್ಣನ ಸಮಾಧಿಗೆ ಕರೆದುಕೊಂಡು ಹೋದೆ. ನೋಡು, ಹೆಸರು ಓದು ಎಂದೆ. ಓದಲಿಲ್ಲ. ಒಣಗಿದ ಹುಲ್ಲಿನ ಮೇಲೆ ಕೂತು ಕಲ್ಲನ್ನು ಅಂಗೈಯಿಂದ ಒರೆಸಿದಳು.

"ಇದು ಆ ಗೆಳೆಯ ಹುಡುಗಂದು ಕಣೇ. ನಮ್ಮೋನ ಬದಲು ಹೋದ್ನಲ್ಲ, ಅವಂದು. ಪಾಪ, ಅವರಮ್ಮ ಬರೋದೇ ಇಲ್ವಾ?"

ಕಟ್ಟಿಕೊಂಡಿದ್ದ ತಳದನ್ನ ಬಿಚ್ಚಿ ಅಲ್ಲಿ ಒಂದು ಚೂರು ಇಟ್ಟಳು. ಉಳಿದದ್ದನ್ನು ಮತ್ತೆ ಕಟ್ಟಿಕೊಂಡಳು, ಅವನಿಗೆ ಎಂದು. ನಾನು ಹೋಗಿ ಟ್ಯಾಕ್ಸಿಯಲ್ಲಿ ಕೂತು ಅತ್ತೆ. ಡ್ರೈವರ್ ರೇಡಿಯೋ ಆರಿಸಿದ, ಒಳ್ಳೆಯವನು.

ಮಾರ್ಚ್ ೧೪

ಸೀರಿಯಲ್ ಈ ವಾರಕ್ಕೇ ಮುಗಿಯುತ್ತದಂತೆ. ನೋಡುವವರು ಕಡಿಮೆಯಾದರಂತೆ. ಬದುಕಿಸಿ ಎಂದು ಬೊಬ್ಬೆ ಹೊಡೆದವರೇ ಈಗ ನೋಡುತ್ತಿಲ್ಲ. ಬಾಂಗ್ ಅಕ್ಕ ಬಣ್ಣ ಹಚ್ಚಿಸಿಕೊಳ್ಳುತ್ತ,

"ಸತ್ತಿದ್ರೆ ಒಂದಿಷ್ಟು ಅತ್ತು ಸಮಾಧಾನ ಆಗ್ತಿತ್ತು. ಬದುಕಿ ಏನು ಕಡಿದು ಕಟ್ಟೆ ಹಾಕಿದ? ಸೂಟು ಹಾಕ್ಕೊಂಡ, ಅಷ್ಟೇ."

"ನೀವೇ ಅಲ್ವಾ ಬದುಕಿಸಿದ್ದು?"

"ನಾನೊಬ್ಬಳೇ ಏನು? ನೀನೂ ಬರೆಸಲಿಲ್ವಾ?"

ಬ್ರಷ್ ಕೈ ತಪ್ಪಿ ಅವಳ ಹಣೆಗೆ ಕಪ್ಪು ಬಳಿಯಿತು. ಬೇಕೆಂದು ಮಾಡಿದ್ದಲ್ಲ.

ಸೊಂಗ್‌ಗೆ ಮತ್ತೆ ಫೋನ್. ಮಗ ಒಂದು ಸಲ ಮನೆಗೆ ಬರಲಿ, ಅಷ್ಟು ಸಾಕು, ತಾಯಿ ಎದುರಿಗೆ ಇಲ್ಲದಿದ್ದರೂ ಸರಿ, ಗೇಟು ತೆರೆದರೂ ಸಾಕು ಎಂದು ಬೇಡಿಕೊಂಡೆ. ಸಂಜೆ ಅವಳೇ ಮಾಡಿದಳು. "ಅಕ್ಕಾ, ಮೇಡಂ ಒಪ್ಪಿದ್ರು. ಕೊನೇ ಎಪಿಸೋಡಲ್ಲಿ ಊರಿಗೆ ಬರ್ತಾನೆ. ಖಂಡಿತ." ಪಾಪ, ಅವಳಿಗೂ ಖುಷಿ.

ಅಮ್ಮನಿಗೆ ಹೇಳಿದೆ. ತಲೆ ಬಾಚು ಎಂದಳು. ಪರ್ಮ್ ಮಾಡಿಕೊಟ್ಟೆ.

ಮಾರ್ಚ್ ೧೯, ಭಾನುವಾರ

ಬಂದ. ಗೇಟು ತಳ್ಳಿದ. ಜಾಡಿಯ ಮೇಲೆ ಹ್ಯಾಟು ಕವುಚಿದ. "ಅಮ್ಮಾ" ಎಂದ. ಅಮ್ಮ ಇಲ್ಲಿಂದ ಓಗೊಟ್ಟಳು.

ಮನೆ ಖಾಲಿ. ಪಕ್ಕದ ಮನೆಯವಳು ಬಂದು ಏನೋ ಹೇಳಿದಳು. ಆಮೇಲೆ ಗುಡ್ಡ, ಹಸಿ ಮಣ್ಣಿನ ಗೋರಿ. ಇನ್‌ಹೊ ಅದರ ಮೇಲೆ ಬಿದ್ದು, ತಡವಾಗಿ ಬಂದೆ ಅಮ್ಮಾ ಎಂದು ಅತ್ತ. ಡೇಟ್ ಸಿಗದ ತಾಯಿಯನ್ನು ಸಾಯಿಸಿಬಿಟ್ಟಿದ್ದರು. ನಾನು ರಿಮೋಟ್‌ಗಾಗಿ ತಡಕಾಡಿದೆ. ಅಮ್ಮನ ಮಡಿಲಲ್ಲಿತ್ತು.

ಅಳುತ್ತಾಳೆ ಎಂದುಕೊಂಡೆ. ಇಲ್ಲ. ತಿಂಗಳಿಂದ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲವಾಯಿತು.

"ಓ... ನಾನು ಸತ್ತೋಗಿದೀನಾ?" ಎಂದಳು. "ಅದಕ್ಕೇ ಮತ್ತೆ. ನಾನು ಅವನನ್ನ ಸುಮ್ನೆ ಬೈದೆ. ಮನೇಲಿ ಯಾರಿದಾರೆ ಅಂತ ಬರ್ತಾನೆ ಮಗು? ಮಾಲ್‌ಸುನ್, ಯಾವಾಗ ಹೋದೆನೇ ನಾನು? ನೋವಾಯ್ತಾ?"

ನಾನು ಅವಳ ಮಡಿಲಿನಿಂದ ರಿಮೋಟ್ ತೆಗೆದು ಟಿವಿ ಆರಿಸಿದೆ.

ಮಾರ್ಚ್ ೨೧

ಉಣ್ಣುತ್ತಿಲ್ಲ. ಸಿಟ್ಟಿಲ್ಲ, ಹಟವಿಲ್ಲ, ನಗುಮುಖ. ಸತ್ತವರು ಹಾಗೆಲ್ಲ ತಟ್ಟೆ ಮುಂದೆ ಕೂರುತ್ತಾರೇನೇ ಅಂತಾಳೆ. ಗಂಜಿ ಹಿಡಿದರೆ ತುಟಿ ಬಿಗಿ. ನೀರು ಮಾತ್ರ. ಡಾಕ್ಟರ್ ಡ್ರಿಪ್ ಹಾಕಿಸಿ ಎಂದರು. ಹಾಕಿಸಿದೆ, ಕಿತ್ತುಕೊಂಡಳು. ಪೂಸಾನ್‌ನ ಕಾಲೇಜಿಗೆ ಹಿಂತಿರುಗಿದ ಮಿರಾನ್ ಫೋನಿನಲ್ಲಿ ಅಳುತ್ತಾಳೆ, ನಾನು ಬರೆದದ್ದಕ್ಕೇ ಹೀಗಾಯಿತು ಎಂದು. ಇಲ್ಲ ಕಣೇ ಎಂದೆ. ಇನ್ನೇನು ಹೇಳಲಿ.

ಮಾರ್ಚ್ ೨೩, ಗುರುವಾರ, ಸಂಜೆ

ಇವತ್ತು ಎರಡನೇ ಚಾಂದ್ರಮಾಸದ ಹದಿನೆಂಟನೇ ದಿನ. ಅಣ್ಣನ ತಿಥಿ. ಮದುವೆಯಾಗದೆ ಹೋದ ಮಗನಿಗೆ ಎಡೆ ಇಡುವ ಪದ್ಧತಿ ಇಲ್ಲ. ಆದರೂ ಅಮ್ಮ ಬಿಟ್ಟವಳಲ್ಲ. ಹೆತ್ತವಳು ಮಗನ ಮುಂದೆ ತಲೆ ಬಾಗಬಾರದೆಂದು ಪ್ರತಿ ವರ್ಷ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಫೋಟೋಗೆ ನಾನೊಬ್ಬಳೇ ನಮಸ್ಕರಿಸುತ್ತಿದ್ದೆ.

ಅಭ್ಯಾಸ ಬಲ, ಬೆಳಿಗ್ಗೆಯೇ ಮೀನು, ಸೊಪ್ಪು, ಸೇಬು ತಂದಿದ್ದೆ. ಪುಟ್ಟ ಮೇಜು ಹಾಕಿದೆ. ಫೋಟೋ ತರಲು ಹೋಗಿ ಬರುವಷ್ಟರಲ್ಲಿ ಅಮ್ಮ ಫೋಟೋ ಇಡುವ ಜಾಗದಲ್ಲಿ ಕೂತಿದ್ದಳು. ಬಿಳಿ ಉಡುಪು, ನಾನು ಮಾಡಿದ ಪರ್ಮ್, ಮಂಡಿಯ ಮೇಲೆ ಕೈ.

"ಬದುಕಿರೋನ ಫೋಟೋ ಯಾಕೆ ತಂದೆ? ತೆಗೆದಿಡು. ಎಡೆ ನನಗೆ ತಾನೇ? ಇಡು, ಉಣ್ತೀನಿ. ಎಷ್ಟು ಹಸಿವು ಗೊತ್ತಾ."

ನಾಲ್ಕು ದಿನದಿಂದ ಏನೂ ತಿನ್ನದವಳು. ಹಸಿವು ಎಂದಳು. ಅನ್ನ ಬಡಿಸಿದೆ, ತಳದನ್ನವನ್ನೂ ಕೆರೆದು ಹಾಕಿದೆ, ಸಕ್ಕರೆ ಉದುರಿಸಿದೆ. ಚಮಚ ಕೈಗೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಅಷ್ಟೂ ಗೊತ್ತಿಲ್ವಾ? ಚುಚ್ಚಬೇಕು. ಆಮೇಲೆ ನಮಸ್ಕಾರ ಮಾಡಬೇಕು. ಆಮೇಲೆ ನಾವು ಸತ್ತೋರು ಉಣ್ಣೋದು."

ಒರೆಸಿಕೊಂಡು ತರುತ್ತೇನೆಂದು ಚಮಚ ಹಿಡಿದು ಅಡುಗೆಮನೆಗೆ ಬಂದೆ. ಬಂದು ಇದನ್ನು ಗೀಚುತ್ತ ಕೂತಿದ್ದೇನೆ. ಸೊಂಗ್‌ಗೆ ಫೋನ್ ಮಾಡೋಣ ಅನ್ನಿಸಿತು. ಸೀರಿಯಲ್ ಮುಗಿದುಹೋಗಿದೆ. ಇನ್ನು ಯಾರನ್ನು ಬೇಡಲಿ, ಯಾವ ಹಾಳೆ ಬದಲಾಯಿಸಲು?

ಒಳಗಿಂದ ಕರೆಯುತ್ತಿದ್ದಾಳೆ. "ಮಾಲ್‌ಸುನ್, ಅನ್ನ ಆರೋಗುತ್ತೆ ಕಣೇ."

ಚುಚ್ಚದಿದ್ದರೆ ಉಣ್ಣುವುದಿಲ್ಲ. ಚುಚ್ಚಿದರೆ ನನ್ನ ಕೈಯಾರೆ ನಾನೇ ಅವಳನ್ನು —