ಎರಡು ಕೂಸು, ಒಂದು ದಾಖಲೆ

ಮಕ್ಕಳ ಆರೋಗ್ಯ ದಾಖಲೆಗಳನ್ನು ಹಳೆಯ ಕ್ಲೌಡ್‌ನಿಂದ ಹೊಸ ಕ್ಲೌಡ್‌ಗೆ ಸಾಗಿಸುತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ವಾರದ ಸೋಮವಾರ ಮಸ್ಕಿಯ ನಿಮ್ಮ ತಿದ್ದುಪಡಿ ಕೇಂದ್ರದಲ್ಲಿ ಕುಳಿತು, ನನ್ನ ಮೊದಲ ಮಗಳು ಹುಟ್ಟಿಯೇ ಇರಲಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದ್ದೇನೆ. ಅದು ಸುಳ್ಳು. ನಿಮ್ಮ ಎರಡು ಯಂತ್ರಗಳಲ್ಲಿ ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯದೆ ಹೋದದ್ದರಿಂದ ನನ್ನ ಕೈಯಿಂದ ಆ ಸುಳ್ಳು ಬರೆಸಿಕೊಂಡಿರಿ. ಈ ತಿಂಗಳ ಮೂವತ್ತಕ್ಕೆ ಹಳೆಯ ಯಂತ್ರಗಳನ್ನು ಬಂದ್ ಮಾಡುತ್ತೀರಂತೆ. ಆಮೇಲೆ ನನ್ನ ಸುಳ್ಳೇ ಸರ್ಕಾರದ ಸತ್ಯ. ಬರುವ ತಿಂಗಳ ಒಂಬತ್ತಕ್ಕೆ ನನ್ನ ಎರಡನೆಯ ಮಗಳ ಹೃದಯದ ಶಸ್ತ್ರಚಿಕಿತ್ಸೆ. ಅದಕ್ಕೆ ಸಿಕ್ಕಿರುವ ಮಂಜೂರಾತಿ ನಿಂತಿರುವುದೂ ಆ ಸುಳ್ಳಿನ ಮೇಲೆಯೇ. ಒಂಬತ್ತು ಕಳೆಯುವವರೆಗೆ ಸುಮ್ಮನಿರು ಎಂದು ಮನೆಯವರು ಹೇಳಿದರು. ಸುಮ್ಮನಿದ್ದರೆ ಮೂವತ್ತು ದಾಟಿಹೋಗುತ್ತದೆ.

ಕಂಪ್ಯೂಟರ್ ಗೊತ್ತಿಲ್ಲದ ಹೆಣ್ಣುಮಗಳು ಗಾಬರಿಯಾಗಿ ಏನೋ ಬರೆದಿದ್ದಾಳೆ ಎಂದು ಕಡತ ಮಡಚುವ ಮುನ್ನ ತಿಳಿದಿರಲಿ, ನಾನು ಸಿಂಧನೂರಿನಲ್ಲಿ ಬಿ.ಸಿ.ಎ. ಓದಿದವಳು. ಗಾಬರಿ ಮಾತ್ರ ನಿಜ. ಮೂರು ತಾಲ್ಲೂಕಿನ ಮಕ್ಕಳ ತೂಕ, ಲಸಿಕೆ, ಕಾಯಿಲೆ, ಸಾವು ಎಲ್ಲವೂ ಇದುವರೆಗೆ ಸರ್ಕಾರದ ಸ್ವಂತ ಕಂಪ್ಯೂಟರುಗಳಲ್ಲಿದ್ದವು. ಅದಕ್ಕೆ ಖಾಸಗಿ ಕ್ಲೌಡ್ ಎಂದು ಹೆಸರು. ಈಗ ಒಂದು ಕಂಪನಿಯ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಜಾಗ ಹಿಡಿದು ಅಲ್ಲಿಗೆ ಸಾಗಿಸುತ್ತಿದ್ದೀರಿ. ಅದಕ್ಕೆ ಸಾರ್ವಜನಿಕ ಕ್ಲೌಡ್ ಎಂದು ಹೆಸರು. ಸರ್ಕಾರದ್ದು ಖಾಸಗಿ, ಕಂಪನಿಯದು ಸಾರ್ವಜನಿಕ! ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಗು ಬರುತ್ತಿತ್ತು. ಎರಡರಲ್ಲೂ ಮಾಹಿತಿ ಕೊಡಲು, ಪಡೆಯಲು ಎಪಿಐ ಎಂಬ ಕಿಟಕಿ ಇರುತ್ತದೆ. ಯಾವ ನಮೂನೆ ತುಂಬಿ ಒಳಗೆ ಚಾಚಿದರೆ ಏನು ಹೊರಗೆ ಬರುತ್ತದೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಎರಡೂ ಕಿಟಕಿಗಳ ನಮೂನೆ ಹೊಂದಿದರೆ ಮಾತ್ರ ಇಲ್ಲಿಯದು ಅಲ್ಲಿಗೆ ಇದ್ದ ಹಾಗೇ ಹೋಗುತ್ತದೆ. ನಿಮ್ಮ ಪ್ರಕಟಣೆಯಲ್ಲಿ ‘ಪೂರ್ಣ ಹೊಂದಾಣಿಕೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಆದರೆ ಹಳೆಯ ನಮೂನೆಯಲ್ಲಿ ‘ಎಷ್ಟನೆಯ ಹೆರಿಗೆ’ ಎಂದು ತುಂಬುವ ಒಂದು ಚೌಕದ ಮನೆ ಇತ್ತು, ಹೊಸದರಲ್ಲಿ ಅದಿಲ್ಲ. ಇಲ್ಲದ ಮನೆಗೆ ಬಂದ ಮಾಹಿತಿಯನ್ನು ಹೊಸ ಕಿಟಕಿ ಬೇಡವೆಂದು ಹಿಂದಕ್ಕೆ ತಳ್ಳಲಿಲ್ಲ, ತಪ್ಪಾಗಿದೆ ಎಂದು ಕೂಗಲಿಲ್ಲ, ಸುಮ್ಮನೆ ಕೆಳಗೆ ಬಿಟ್ಟಿತು. ಕಾಲುವೆಯ ಕೆಳತುದಿಯವರಿಗೆ ಇದು ಹೊಸದಲ್ಲ. ಮೇಲೆ ಬಿಟ್ಟ ನೀರು ಪುಸ್ತಕದಲ್ಲಿ ಪೂರ್ತಿ ಇರುತ್ತದೆ, ಗದ್ದೆಗೆ ಬಂದಿರುವುದಿಲ್ಲ. ಆಮೇಲೆ ಹೊಸ ಯಂತ್ರ ತನ್ನದೇ ನ್ಯಾಯ ಮಾಡಿತು: ತಾಯಿಯ ನೋಂದಣಿ ಸಂಖ್ಯೆ, ಮಗುವಿನ ಹೆಸರು, ಗಂಡೋ ಹೆಣ್ಣೋ, ಈ ಮೂರೂ ಒಂದೇ ಇದ್ದರೆ ಮಗುವೂ ಒಂದೇ. ಹುಟ್ಟಿದ ತಾರೀಖು ನೋಡಬಾರದಿತ್ತೇ? ನಮ್ಮ ಕಡೆಯ ಜನ ತಾರೀಖು ತಪ್ಪು ಬರೆಸುತ್ತಾರೆಂದು ಅದನ್ನು ನೋಡುವುದೇ ಬೇಡ ಎಂದು ಠರಾವಾಗಿತ್ತಂತೆ. ಎಂಥ ದೂರದೃಷ್ಟಿ!

ನನ್ನ ಇಬ್ಬರು ಹೆಣ್ಣುಮಕ್ಕಳ ದಾಖಲೆಯಲ್ಲೂ ಹೆಸರಿನ ಜಾಗದಲ್ಲಿರುವುದು ‘ದಾನೇಶ್ವರಿಯ ಮಗು’ ಎಂದಷ್ಟೇ. ಮೊದಲನೆಯವಳು ಹುಟ್ಟಿದ್ದು ನನ್ನ ತವರು ಗುರುಗುಂಟಾದಲ್ಲಿ. ಆಸ್ಪತ್ರೆಯಲ್ಲಿ ಹಾಗೆಂದು ಬರೆದುಕೊಂಡರು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಅಂಬಿಕಾ ಎಂದು ಕರೆದೆವು. ಗಂಡನ ಊರು ವಳಕಮದಿನ್ನಿಗೆ ಹೋದಮೇಲೆ ಹೆಸರು ಸೇರಿಸಿದರಾಯಿತು, ಅವಸರವೇನು ಎಂದುಕೊಂಡೆವು. ನಲವತ್ತೊಂದನೆಯ ದಿನ ಅವಳು ತೀರಿಕೊಂಡಳು. ಎರಡನೆಯವಳು ಹುಟ್ಟಿದಾಗ ಅತ್ತೆ ಕಸ್ತೂರೆಮ್ಮ ಮನೆಯವರನ್ನೆಲ್ಲ ಕೂಡಿಸಿ ಹೇಳಿದರು:

“ವರ್ಷ ತುಂಬೋ ತನಾ ಕೂಸು ಅನ್ರಿ, ಪುಟ್ಟಿ ಅನ್ರಿ, ಏನರ ಅನ್ರಿ. ಹೆಸರು ಮಾತ್ರ ಬ್ಯಾಡ. ಹೆಸರು ಹಿಡದು ಕರದ್ರ ಅವನಿಗೂ ದಾರಿ ತೋರಿಸಿದಂಗ.”

ಅವನು ಎಂದರೆ ಯಮ. ನಾನು ನಕ್ಕೆ. “ಅತ್ತಿ, ನಾ ಓದಿದಾಕಿ ಅದೀನ್ರಿ.”

“ಓದಿದ್ರ ಓದವ್ವ. ಅವಂಗ ಓದಾಕ ಏನೂ ಸಿಗಲಾರದಂಗ ನೋಡ್ಕೊ.”

ನಾನು ಒಪ್ಪಿದೆ. ನಂಬಿಕೆಯಿಂದಲ್ಲ. ಒಮ್ಮೆ ಮಗು ಕಳೆದುಕೊಂಡವಳ ಹೆದರಿಕೆ ಡಿಗ್ರಿ ಕೇಳಿ ಬರುವುದಿಲ್ಲ. ಹೀಗೆ ಹತ್ತು ತಿಂಗಳು ಅವಳು ಹೆಸರಿಲ್ಲದೆ ಬೆಳೆದಳು. ಯಮನಿಗೆ ಸಿಗಲಿಲ್ಲ. ನಿಮಗೆ ಸಿಕ್ಕಳು.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳಿಗೆ ಗಂಜಿ ಉಣಿಸುತ್ತಿದ್ದೆ. ಫೋನಿಗೆ ಸಂದೇಶ ಬಂತು: ‘ನಿಮ್ಮ ಮಗುವಿಗೆ ಎರಡು ವರ್ಷ ತುಂಬಿದೆ. ವಿಟಮಿನ್ ಎ ಹನಿ ಹಾಕಿಸಿ.’ ಮಡಿಲಲ್ಲಿದ್ದ ಮಗುವಿಗೆ ಏಳು ತಿಂಗಳು. ಎರಡು ತುಂಬಬೇಕಾಗಿದ್ದವಳು ಗುರುಗುಂಟಾದಲ್ಲಿ ನಮ್ಮಪ್ಪನ ಹೊಲದ ಬದುವಿನಲ್ಲಿದ್ದಾಳೆ. ವಾರದ ನಂತರ ಇನ್ನೊಂದು: ‘ನಿಮ್ಮ ಮಗುವನ್ನು ಕೇಂದ್ರಕ್ಕೆ ಕರೆತಂದಿರುವುದಿಲ್ಲ. ದಯವಿಟ್ಟು ಕರೆತನ್ನಿ.’ ಎಲ್ಲಿಂದ ಕರೆತರಲಿ? ಎರಡು ವರ್ಷದ ಮಗು ಹೊಸ್ತಿಲು ದಾಟುತ್ತದೆ, ಚಪ್ಪಲಿ ಬದಲು ಮಾಡಿ ಹಾಕಿಕೊಳ್ಳುತ್ತದೆ, ಬೇಡ ಎನ್ನಲು ಕಲಿತಿರುತ್ತದೆ. ಅವಳನ್ನು ನಾನು ಎಂದೂ ಅಷ್ಟು ದೊಡ್ಡವಳಾಗಿ ಯೋಚಿಸಿರಲಿಲ್ಲ. ನೀವು ಬೆಳೆಸಿಕೊಟ್ಟಿರಿ. ಅಂದಿನಿಂದ ಪಡಸಾಲೆಯಲ್ಲಿ ಅವಳು ನಡೆದಾಡುವ ಹಾಗೆ ಅನಿಸುತ್ತದೆ, ತಿರುಗಿ ನೋಡುವುದನ್ನು ಬಿಟ್ಟಿದ್ದೇನೆ.

ಕಳೆದ ತಿಂಗಳು ಎರಡನೆಯವಳ ಶಸ್ತ್ರಚಿಕಿತ್ಸೆಯ ಅರ್ಜಿ ತಿರಸ್ಕಾರವಾಯಿತು. ಕಾರಣ: ‘ಫಲಾನುಭವಿ ಮೃತ.’ ಆ ಕಾಗದದ ಅಂಚನ್ನು ಫಲಾನುಭವಿ ಕಚ್ಚಿ ಹರಿಯುತ್ತಿದ್ದಳು. ನಿಮ್ಮಲ್ಲಿ ಸಂದೇಶ ಕಳಿಸುವ ಭಾಗ ಸಾವನ್ನು ನೋಡುವುದಿಲ್ಲ, ಮಂಜೂರಾತಿ ಕೊಡುವ ಭಾಗ ಸಾವನ್ನಷ್ಟೇ ನೋಡುತ್ತದೆ. ಇಬ್ಬರನ್ನೂ ಕೂಡಿಸಿ ಒಂದು ಸಾಲು ಮಾಡಿದಿರಿ: ಹುಟ್ಟು, ವಯಸ್ಸು, ಸಾವು ಅವಳವು, ರೋಗ ಇವಳದು. ಅಂದಿನಿಂದ ನನಗೆ ನಿದ್ದೆಯಿಲ್ಲ. ಇವಳು ಹಗಲು ಮಲಗಿದರೂ ಎದೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತೇನೆ. ಯಂತ್ರ ತಪ್ಪು ಮಾಡಿದೆ ಎಂದು ನನ್ನ ಓದು ಹೇಳುತ್ತದೆ. ತಪ್ಪಲ್ಲ, ಸ್ವಲ್ಪ ಮುಂಚೆ ಹೇಳಿದೆ ಅಷ್ಟೇ ಎಂದು ಇನ್ನೇನೋ ಹೇಳುತ್ತದೆ.

ಹಾಗಾಗಿ ಸೋಮವಾರ ಗಂಡ ಪಂಪಾಪತಿ, ನಾನು, ಕೂಸು ಮಸ್ಕಿಗೆ ಹೋದೆವು. ಕೇಂದ್ರದ ಆಪರೇಟರ್ ಭೀಮೇಶ ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಬಹಳ ಹೊತ್ತು ಹುಡುಕಿ ತಲೆ ಎತ್ತಿದ.

“ಅಕ್ಕಾರ, ಎರಡು ದಾಖಲಿ ಕೂಡಿಸೋ ಗುಂಡಿ ಐತ್ರಿ. ಬಿಡಿಸೋ ಗುಂಡಿ ಇಲ್ರಿ.”

ಅಂಬಿಕಾಳ ಜನನ ಪ್ರಮಾಣಪತ್ರ ತೋರಿಸಿದೆ. ಅವನೆಂದ, “ಇದರಾಗ ಹೆಸರಿಲ್ಲಲ್ರಿ. ಈ ಕೂಸಿಂದೇ ಅಂತೈತಿ ಸಿಸ್ಟಂ. ಒಂದು ದಾರಿ ಐತ್ರಿ. ಮೊದಲಿನ ಕೂಸು ತಪ್ಪಾಗಿ ಹುಟ್ಟೈತಿ ಅಂತ ತಗದ್ರ, ಇದು ಜೀವಂತ ಆಕೈತ್ರಿ.”

“ತಪ್ಪಾಗಿ ಹುಟ್ಟೈತಿ ಅಂದ್ರ ಏನಲೇ?” ಎಂದು ಪಂಪಾಪತಿ ಎದ್ದು ನಿಂತರು.

“ನಾ ಅಂದಿದ್ದಲ್ರೀ ಅಣ್ಣಾರ! ಇದರಾಗ ಹಂಗ ಬರದಾರ, ನೋಡ್ರಿ ಬೇಕಾದ್ರ.”

ಮುದ್ರಿತ ಕಾಗದ ಮುಂದಿಟ್ಟ: ‘ಮೊದಲ ದಾಖಲೆಯು ಕಣ್ತಪ್ಪಿನಿಂದ ಸೃಷ್ಟಿಯಾಗಿದ್ದು, ಅಂಥ ಶಿಶು ಜನಿಸಿರುವುದಿಲ್ಲ.’ ನಾನು ಪೆನ್ನು ಹಿಡಿದು ಕುಳಿತೇ ಇದ್ದೆ. ಕೊನೆಗೆ ಗಂಡ ಮೆಲ್ಲಗೆ ಅಂದರು: “ಹಾಕು. ಹೋದಾಕಿ ಸಿಟ್ಟಾಗಂಗಿಲ್ಲ. ಇದ್ದಾಕಿ ಉಳೀಲಿ.” ಹಾಕಿದೆ. ಗುರುವಾರ ಮಂಜೂರಾತಿ ಬಂತು. ಎರಡು ವರ್ಷದ ಮಗುವಿನ ಸಂದೇಶಗಳು ನಿಂತವು. ಬಂದಾಗ ಹೆದರುತ್ತಿದ್ದವಳು ಈಗ ಬರದಿದ್ದುದಕ್ಕೆ ಹೆದರುತ್ತಿದ್ದೇನೆ.

ಸತ್ತ ಮಗುವಿನ ದಾಖಲೆ ಯಾರಿಗೆ ಬೇಕು ಎಂದು ಕೇಳುತ್ತೀರಾ? ಹೇಳುತ್ತೇನೆ. ಗುರುಗುಂಟಾದ ಆಶಾ ಕಾರ್ಯಕರ್ತೆ ಹುಸೇನ್‌ಬೀ ಆ ನಲವತ್ತೊಂದು ದಿನಗಳಲ್ಲಿ ಆರು ಸಲ ಬಂದು ಅಂಬಿಕಾಳನ್ನು ತೂಗಿ, ನೋಡಿ, ಫೋನಿನಲ್ಲಿ ಬರೆದು ಕಳಿಸಿದ್ದರು. ಒಂದು ದಿನದ ಟಿಪ್ಪಣಿ: ‘ಹಾಲು ಕುಡಿಯುವಾಗ ಹಣೆ ಬೆವರುತ್ತದೆ.’ ಅದನ್ನು ಓದಬೇಕಾದವರು ಓದಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಆಕೆ ಬಂದು ನನ್ನ ಕೈ ಹಿಡಿದುಕೊಂಡರು. “ಹಣಿ ಬೆವರತೈತಿ ಅಂತ ನಾ ಬರದಿದ್ದೆ ಬೇಟಿ. ಯಾರೂ ನೋಡಲಿಲ್ಲ.” ಆ ಮಾತು ನನ್ನೊಳಗೆ ಉಳಿಯಿತು. ಎರಡನೆಯವಳಿಗೆ ಆರನೆಯ ತಿಂಗಳಲ್ಲಿ ಹಾಲು ಕುಡಿಸುವಾಗ ಹಣೆ ಬೆವರಿದ್ದನ್ನು ಕಂಡು ಅದೇ ದಿನ ದವಾಖಾನೆಗೆ ಓಡಿದೆ. ಹೃದಯದಲ್ಲಿ ರಂಧ್ರ ಪತ್ತೆಯಾಯಿತು. ಅಕ್ಕನ ಆ ಒಂದು ಸಾಲಿನಿಂದ ತಂಗಿ ಇವತ್ತು ಇದ್ದಾಳೆ.

ಮೊನ್ನೆ ಶನಿವಾರದ ತಪಾಸಣೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಫೈಲ್ ತೆರೆದರು. “ಮೊದಲನೇ ಹೆರಿಗೆ ಅಲ್ಲೇನಮ್ಮ?” ಅಲ್ಲ, ಎರಡನೆಯದು ಎಂದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದೇ ತಾಯಿಯ ಎರಡು ಮಕ್ಕಳಿಗೂ ಹೀಗಾಗಿದ್ದರೆ ಎದೆ ತೆರೆಯುವ ಮೊದಲು ಇನ್ನೂ ಕೆಲವು ಪರೀಕ್ಷೆ ಮಾಡಬೇಕು, ಆ ಮಗುವಿನ ತೂಕ, ಲಕ್ಷಣ ಏನೇ ಬರೆದಿದ್ದರೂ ತರಿಸಿ ಎಂದರು. ಭೀಮೇಶನಿಗೆ ಫೋನ್ ಮಾಡಿದೆ. ಹೊಸ ಯಂತ್ರದಲ್ಲಿ ಅವೆಲ್ಲ ನನ್ನ ಸಹಿಯ ಮೇಲೆ ಅಳಿಸಿಹೋಗಿವೆ, ಹಳೆಯದರಲ್ಲಿ ಮೂವತ್ತರವರೆಗೆ ಇರುತ್ತವೆ, ಅಲ್ಲಿಂದ ತೆಗೆಯಲು ನಿಮ್ಮ ಅಪ್ಪಣೆ ಬೇಕು ಎಂದ. ನಿಮಗೆ ಮೂರು ಮನವಿ ಕಳಿಸಿದೆ. ಮೂರಕ್ಕೂ ಬಂದ ಉತ್ತರ ಒಂದೇ: ‘ಅಂಥ ಶಿಶುವಿನ ದಾಖಲೆ ಲಭ್ಯವಿಲ್ಲ.’ ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಪತ್ರ ಬರೆಯುತ್ತೇನೆಂದಾಗ ಅತ್ತೆ ಅಕ್ಕಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

“ಆ ಮಿಷಿನ್ನಿಗೆ ಹೆಸರು ಬೇಕಾಗಿತ್ತೇನು?”

“ಹೆಸರಿದ್ದಿದ್ರ ಇಬ್ರೂ ಕೂಡತಿದ್ದಿಲ್ರಿ ಅತ್ತಿ.”

ಮೊರದ ಅಕ್ಕಿಯನ್ನು ಡಬ್ಬಿಗೆ ಸುರಿದು, “ಹಂಗಾರ ಇಡ್ರಿ,” ಎಂದರು. “ಮುಚ್ಚಿಟ್ರೂ ಸಿಕ್ಕಳಲ್ಲ.” ತೊಟ್ಟಿಲು ಕಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ. ತಾವೇ ಕೂಸನ್ನು ಎತ್ತಿಕೊಂಡು ಅದರ ಕಿವಿಯಲ್ಲಿ ಹೇಳಿದರು. ಆ ಹೊತ್ತಿನಲ್ಲಿ ಅವರ ದನಿ ನಡುಗಿದ್ದನ್ನು ನಿಮ್ಮ ಯಾವ ಕಿಟಕಿಯಿಂದ ಒಳಗೆ ಕಳಿಸಲಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸೋಮವಾರದ ನನ್ನ ಹೇಳಿಕೆಯನ್ನು ರದ್ದು ಮಾಡಿ. ಹಳೆಯ ಯಂತ್ರದಿಂದ ಮೊದಲ ಮಗಳ ನಲವತ್ತೊಂದು ದಿನಗಳನ್ನು ತೆಗೆದು, ಹೆಸರು ತುಂಬಿ, ಮೂವತ್ತರೊಳಗೆ ಹೊಸದಕ್ಕೆ ಸೇರಿಸಿ, ಒಂದು ಪ್ರತಿಯನ್ನು ಡಾಕ್ಟರಿಗೆ ಕೊಡಿ. ಎರಡನೆಯವಳ ಹೆಸರನ್ನೂ ತುಂಬಿ, ಆಗ ಇಬ್ಬರೂ ಮತ್ತೆ ಕೂಡುವುದಿಲ್ಲ, ಇದು ನಿಮ್ಮದೇ ನಿಯಮ. ಈ ಮೂರು ತಾಲ್ಲೂಕಿನಲ್ಲಿ ಹೆಸರಿಡದ ಇನ್ನೆಷ್ಟು ಮಕ್ಕಳು ಹೀಗೆ ಕೂಡಿಹೋಗಿದ್ದಾರೆ ಎಂದು ಎಣಿಸುವವರೆಗೆ ಹಳೆಯ ಯಂತ್ರದ ಗುಂಡಿ ಒತ್ತಬೇಡಿ. ಸುಳ್ಳು ಹೇಳಿಕೆಗೆ ಶಿಕ್ಷೆಯಿದ್ದರೆ ನನಗೆ ಕೊಡಿ, ಬರುತ್ತೇನೆ. ಒಂಬತ್ತನೆಯ ತಾರೀಖನ್ನು ಮಾತ್ರ ಮುಟ್ಟಬೇಡಿ.

ಮೊದಲನೆಯವಳು ಅಂಬಿಕಾ. ಎರಡನೆಯವಳ ಹೆಸರನ್ನು ನಾನಿನ್ನೂ ಗಟ್ಟಿಯಾಗಿ ಕರೆದಿಲ್ಲ. ಊರೆಲ್ಲ ಓದುವ ಕಾಗದದಲ್ಲಿ ಬರೆಯಲು ಕೈ ಏಳದೆ ಈ ಪತ್ರ ಮೂರು ದಿನ ಹೀಗೇ ಬಿದ್ದಿತ್ತು. ಬರೆದುಕೊಳ್ಳಿ: ಶಿವಲೀಲಾ.

ಇಂತಿ,
ಎರಡು ಹೆತ್ತು, ನಿಮ್ಮ ಲೆಕ್ಕದಲ್ಲಿ ಒಂದೇ ಹೆತ್ತಿರುವ
ದಾನೇಶ್ವರಿ, ವಳಕಮದಿನ್ನಿ