ತೊಳೆದು ಕೆಡಿಸಿದ ನೀರು

ನವೆಂಬರ್ 14, ಶುಕ್ರವಾರ

ಇವತ್ತಿಗೆ ಹನ್ನೆರಡನೆಯ ದಿನ. ಹೊಸ ಅಕ್ವೇರಿಯಂನ ನೀರು ಇನ್ನೂ ಅಕ್ಕಿ ತೊಳೆದ ನೀರಿನ ಹಾಗೆಯೇ ಇದೆ. ಮೀನು ಬಿಡುವ ಮಾತೇ ಇಲ್ಲ.

ಡ್ಯೂಟಿ ಮುಗಿಸಿ, ನೋಯುವ ಕಾಲೆಳೆದುಕೊಂಡು ಕಂಕನಾಡಿಯ ಅಕ್ವೇರಿಯಂ ಅಂಗಡಿಗೆ ಹೋದೆ. ಅಂಗಡಿಯ ಗುಣಪಾಲರು, “ಫಿಲ್ಟರಿನ ಸ್ಪಂಜಿಗೆ ಎಂತ ಮಾಡಿದ್ರಿ ಸಿಸ್ಟರ್?” ಎಂದು ಕೇಳಿದರು.

ದಿನಾ ಬಿಸಿನೀರಿನಲ್ಲಿ ತೊಳೆಯುತ್ತೇನೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಅಯ್ಯೋ, ನೀರು ಕ್ಲೀನ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ದಿನಾ ನೀವೇ ಕೊಂದ್ರಲ್ಲ! ಇನ್ನು ಮೂರು ವಾರ ಮುಟ್ಲಿಕ್ಕೇ ಹೋಗ್ಬೇಡಿ.”

ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿದ ಕೈ ಇದು. ಕೊಳೆ ಕಂಡರೆ ತೊಳೆಯದೆ ಸುಮ್ಮನಿರಲು ಇದಕ್ಕೆ ಬರುವುದಿಲ್ಲ. ಮೊದಲ ದಿನದಿಂದ ಹಾಗೇ ಬಿಟ್ಟಿದ್ದರೆ ಇನ್ನೊಂದು ವಾರದಲ್ಲಿ ತಿಳಿಯಾಗುತ್ತಿತ್ತಂತೆ.

ಮೂರು ವಾರ. ಗಂಡ ಲ್ಯಾನ್ಸಿಯ ರಜೆ ಉಳಿದಿರುವುದು ಒಂಬತ್ತೇ ದಿನ. ಮಸ್ಕತ್‌ನಿಂದ ಬಂದ ಮರುದಿನವೇ ಈ ಟ್ಯಾಂಕ್ ಹೊತ್ತು ತಂದವನು ಅವನು. ಮೀನು ಬಿಟ್ಟು, ಎದುರಿಗೆ ನಮ್ಮಿಬ್ಬರ ಕುರ್ಚಿ ಹಾಕಿ ಕೂತು ಚಾ ಕುಡಿಯಬೇಕೆಂದು ಅವನ ಆಸೆ. ಮನೆಗೆ ಬಂದು ವಿಷಯ ಹೇಳಿದೆ.

ಅವನು ಬೈಯಲಿಲ್ಲ. “ಇರ್ಲಿ ಮಾರಾಯ್ತಿ, ನೀರು ಸರಿಯಾದ ಮೇಲೆ ವಿಡಿಯೊ ಕಾಲ್ ಮಾಡು, ನೋಡ್ತೇನೆ” ಅಂದ.

ಬೈದಿದ್ದರೆ ಒಳ್ಳೆಯದಿತ್ತು. ಈ ಮನೆಯ ನೆಲದ ಟೈಲ್ಸನ್ನೂ ಅವನು ನೋಡಿ ಆರಿಸಿದ್ದು ಹಾಗೆಯೇ, ಫೋನಿನಲ್ಲಿ.