ಮೀನು ಮಾರುಕಟ್ಟೆಯಲ್ಲಿ ಬಿಟ್ಟ ಬೆಕ್ಕು

ಕೋಟಾ ಭಾರು
ಬುಧವಾರ

ರಮ್ಲಿ ಅಣ್ಣನಿಗೆ ಹಸ್ನಾಳ ಸಲಾಂ.

ಶುಕ್ರವಾರ ಅಮ್ಮನನ್ನು ಮಾನಸಿಕ ರೋಗಿಗಳ ವಾರ್ಡಿನಿಂದ ಮನೆಗೆ ಕಳಿಸುತ್ತಾರೆ. ಕಿವಿಯಲ್ಲಿ ಮಾತಾಡುವ ದನಿಗಳು ಕಡಿಮೆಯಾಗಿವೆ, ಗಂಜಿ ತಾನೇ ಉಣ್ಣುತ್ತಾಳೆ.

ಬೆಕ್ಕಿನಿಂದ ಬರುವ ರೋಗಾಣು ಅಮ್ಮನ ಮೈಯಲ್ಲಿದೆ ಎಂದು ಕೇಳಿದ ದಿನವೇ ನೀನು ಅವಳ ಹಳದಿ ಬೆಕ್ಕನ್ನು ಚೀಲಕ್ಕೆ ತುಂಬಿ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬಂದೆ. ನಿನಗೆ ಭಯವಾಗಿತ್ತು, ಬಲ್ಲೆ. ಆದರೆ ಡಾಕ್ಟರಮ್ಮನ ಮಾತನ್ನು ಪೂರ್ತಿ ಕೇಳಲಿಲ್ಲ. ಆ ರೋಗಾಣು ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದಂತೆ, ಅರೆಬೆಂದ ಮಾಂಸದಿಂದಲೂ ಬರುತ್ತದಂತೆ. ಅಮ್ಮನ ಕಾಯಿಲೆಗೆ ಅದೇ ಕಾರಣವೋ ಅಲ್ಲವೋ, ಅವರಿಗೂ ಖಚಿತವಿಲ್ಲ. ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ನನ್ನಲ್ಲೂ ಇದೆ. ನನ್ನನ್ನು ಯಾವ ಮಾರುಕಟ್ಟೆಯಲ್ಲಿ ಬಿಡುತ್ತೀಯ?

ಹೋಗಿ ಹುಡುಕು. ನಮ್ಮದರಂಥ ಮೊಂಡುಬಾಲದ ಹಳದಿ ಬೆಕ್ಕುಗಳು ಅಲ್ಲಿ ಬೇಕಾದಷ್ಟಿವೆ. ಆದರೆ ನಮ್ಮದರ ಎಡಗಿವಿ ಹರಿದಿದೆ. ಒಣಮೀನಿನವರನ್ನು ಕೇಳು. ಅದು ಗಲೀಜು ಮಾಡಿದ್ದನ್ನು ಇನ್ನು ನಾನೇ ಬಳಿಯುತ್ತೇನೆ, ಅಮ್ಮ ಮುಟ್ಟುವುದು ಬೇಡ.

ನಿನ್ನೆ ಅವಳು "ಬೆಕ್ಕೆಲ್ಲಿ?" ಅಂದಳು. "ಅಣ್ಣನ ಮನೇಲಿದೆ" ಅಂದೆ.

"ಹಾಗಾದ್ರೆ ಅಲ್ಲೇ ಇರ್ಲಿ ಬಿಡೆ" ಅಂದಳು. "ಹೆಂಡ್ತಿ ಹೋದ್ಮೇಲೆ ಅವನೂ ಒಬ್ನೇ. ಮಾತಾಡೋಕೆ ಯಾರಾದ್ರೂ ಬೇಕಲ್ಲ."

ನಿನ್ನ ತಂಗಿ,
ಹಸ್ನಾ